‘ಏನೂ ಇಲ್ಲ’ ಎನ್ನುವವರ ವಿರುದ್ಧ

ವರ್ಷಗಟ್ಟಲೆ ನೋವಿನಿಂದ ಬಳಲುವವರಿಗೆ ‘ನಿಮಗೆ ಏನೂ ಆಗಿಲ್ಲ, ಎಲ್ಲ ಮನಸ್ಸಿನಲ್ಲೇ ಇದೆ’ ಎಂದು ಹೇಳುವುದು ವೈದ್ಯಕೀಯ ಅಭಿಪ್ರಾಯವಲ್ಲ. ಕೈತೊಳೆದುಕೊಳ್ಳುವ ಒಂದು ವಿಧಾನ. ವಿಪರ್ಯಾಸವೆಂದರೆ, ಈ ಮಾತು ಮನಶ್ಶಾಸ್ತ್ರದ ವೇಷ ತೊಟ್ಟು ಬಂದು, ಮನಶ್ಶಾಸ್ತ್ರ ನಿಜವಾಗಿ ನೀಡಬಲ್ಲ ನೆರವಿನ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ನಾಲ್ಕು ವರ್ಷಗಳ ಹಿಂದೆ ನನ್ನ ತಾಯಿ ಹಾಸನ ಜಿಲ್ಲೆಯ ಮನೆಗೆ ಬೀಗ ಹಾಕಿ ಗ್ರೇಟರ್ ನೋಯ್ಡಾಕ್ಕೆ ಬಂದರು. ಆಲ್ಫಾ, ಬೀಟಾ, ಗಾಮಾ ಎಂಬ ಗ್ರೀಕ್ ಅಕ್ಷರಗಳೇ ಬಡಾವಣೆಗಳ ಹೆಸರಾಗಿರುವ ಈ ಊರಿನಲ್ಲಿ ಅವರಿಗೆ ಮಾತನಾಡಲು ಸಿಕ್ಕವರು ನಾವು ಮನೆಯವರಷ್ಟೆ. ಜೊತೆಯಲ್ಲೇ ಬಂದ ಸೊಂಟದ ನೋವು ಇಲ್ಲಿ ಉಲ್ಬಣಿಸಿತು. ಆಸ್ಪತ್ರೆಯೊಂದರಲ್ಲಿ ವೈದ್ಯರು ವಿಚಾರಿಸಿದಾಗ, ‘ಒಳಗೆ ಹಸಿ ಸೌದೆ ಹೊಗೆಯಾಡಿದ ಹಾಗೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಉರಿ ಏಳುತ್ತದೆ’ ಎಂದರು. ನಾನು ಹಿಂದಿಗೆ ತಿರುಗಿಸಿದ್ದು ಇಷ್ಟೆ: ‘ಕಮರ್ ಮೇ ದರ್ದ್ ಹೈ.’ ಸ್ಕ್ಯಾನಿನಲ್ಲಿ ವಯೋಸಹಜ ಸವೆತಕ್ಕಿಂತ ಹೆಚ್ಚಿನದೇನೂ ಕಾಣಲಿಲ್ಲ. ‘ಕುಛ್ ನಹೀಂ ಹೈ, ಮಾತಾಜೀ’ ಎಂದರು ವೈದ್ಯರು. ಅದನ್ನು ಮಾತ್ರ ನಾನು ಯಥಾವತ್ತಾಗಿ ಅನುವಾದಿಸಿದೆ. ಅಂದಿನಿಂದ ಅವರು ನೋವಿನ ಮಾತೆತ್ತುವುದನ್ನೇ ಬಿಟ್ಟರು. ನಾವದನ್ನು ಗುಣಮುಖವೆಂದು ತಿಳಿದೆವು.

ಸ್ಕ್ಯಾನಿನಲ್ಲಿ ಕಾಣದ್ದು ಇಲ್ಲವೆಂಬ ನಂಬಿಕೆಗೆ ವಿಜ್ಞಾನದ ಬೆಂಬಲವಿಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ‘ದ್ವಾರ ನಿಯಂತ್ರಣ’ ಸಿದ್ಧಾಂತದ ಪ್ರಕಾರ, ನೋವಿನ ಸಂಕೇತಗಳನ್ನು ಹಿಗ್ಗಿಸುವ, ಕುಗ್ಗಿಸುವ ವ್ಯವಸ್ಥೆಯೊಂದು ಬೆನ್ನುಹುರಿಯಲ್ಲಿದೆ. ಮಿದುಳಿನಿಂದ ಇಳಿದುಬರುವ ಸಂಕೇತಗಳೂ ಅದನ್ನು ಪ್ರಭಾವಿಸುತ್ತವೆ. ಸಿದ್ಧಾಂತದ ವಿವರಗಳು ಅನಂತರ ಪರಿಷ್ಕಾರಗೊಂಡರೂ ತಿರುಳು ಉಳಿದಿದೆ. ಭಯ, ನಿದ್ರಾಹೀನತೆ, ಒಂಟಿತನಗಳು ನೋವನ್ನು ತೀವ್ರಗೊಳಿಸಬಲ್ಲವು. ಹಾಗೆ ತೀವ್ರಗೊಂಡ ನೋವು ಸುಳ್ಳಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ತನಗೆ ನೋವಿದೆಯೆಂಬ ವ್ಯಕ್ತಿಯ ಮಾತನ್ನು ಗೌರವಿಸಬೇಕೆಂದು ಸ್ಪಷ್ಟವಾಗಿ ಸೇರಿಸಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ, ಮೂರು ತಿಂಗಳು ಮೀರಿ ಉಳಿಯುವ ಅಥವಾ ಮರುಕಳಿಸುವ ನೋವಿಗೆ ತನ್ನದೇ ಸ್ಥಾನ ದೊರೆತಿದೆ.

ಹಾಗಾದರೆ ಮನಶ್ಶಾಸ್ತ್ರೀಯ ಚಿಕಿತ್ಸೆ ಮಾಡುವುದೇನು? ಅದು ನೋವನ್ನು ನಂಬುವುದರಿಂದ ಆರಂಭವಾಗುತ್ತದೆ. ಅಲುಗಾಡಿದರೆ ಮೂಳೆ ಮುರಿದೀತೆಂಬ ಭಯದಿಂದ ಹಾಸಿಗೆ ಹಿಡಿದವರಿಗೆ ಚಲನೆಯನ್ನು ಅಳತೆಯಿಟ್ಟು ಮರಳಿ ಕಲಿಸುತ್ತದೆ. ಕೆಲಸ ಮತ್ತು ವಿಶ್ರಾಂತಿಗೆ ಹದವಾದ ಲಯ ಕಟ್ಟುತ್ತದೆ. ನಿದ್ರೆಯನ್ನು ಸರಿಪಡಿಸಲು ಯತ್ನಿಸುತ್ತದೆ. ‘ಇನ್ನು ನನ್ನ ಕಥೆ ಮುಗಿಯಿತು’ ಎಂಬ ಯೋಚನೆಯನ್ನು ಎದುರಿಗಿಟ್ಟು ಪರಿಶೀಲಿಸುತ್ತದೆ. ಇದು ಪವಾಡವಲ್ಲ. 75 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆಯ ಪ್ರಕಾರ, ಅರಿವು-ವರ್ತನಾ ಚಿಕಿತ್ಸೆಯಿಂದ ನೋವು, ಅಶಕ್ತತೆ, ಸಂಕಟಗಳಲ್ಲಿ ದೊರೆಯುವ ಸರಾಸರಿ ಪ್ರಯೋಜನ ಸಣ್ಣದು. ಆದರೆ ನೋವಿನ ಮಾತ್ರೆಗಳನ್ನು ನುಂಗಿ ನುಂಗಿ ಹೊಟ್ಟೆ, ಮೂತ್ರಪಿಂಡ ಕೆಡಿಸಿಕೊಳ್ಳುವ ಮುದಿ ದೇಹಕ್ಕೆ ಆ ಸಣ್ಣದು ಸಣ್ಣದಲ್ಲ.

ಇಲ್ಲಿ ನಮ್ಮವರ ಆಕ್ಷೇಪವೂ ಇದೆ. ‘ನಮ್ಮಮ್ಮನಿಗೆ ಹುಚ್ಚೇ?’ ಎಂದು ಸಿಡಿಮಿಡಿಗೊಳ್ಳುವವರು ಒಂದು ಕಡೆ. ಭಜನೆ, ಪ್ರಾಣಾಯಾಮಗಳಿರುವಾಗ ಇದೆಲ್ಲ ಪಾಶ್ಚಾತ್ಯ ವ್ಯಾಮೋಹವೆನ್ನುವವರು ಇನ್ನೊಂದು ಕಡೆ. ಮೊದಲನೆಯವರು ಕನ್ನಡವನ್ನೇ ಮರೆತಿದ್ದಾರೆ: ಸೊಂಟವೂ ನೋಯುತ್ತದೆ, ಮನಸ್ಸೂ ನೋಯುತ್ತದೆ, ನಮ್ಮ ನುಡಿ ಎರಡಕ್ಕೂ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿದೆ. ಎರಡನೆಯವರಿಗೆ ನನ್ನ ವಿರೋಧವಿಲ್ಲ. ಭಜನೆ ಮಾಡಲಿ, ಆದರೆ ನೋವಿನವರ ಬಾಯಿ ಮುಚ್ಚಿಸಲು ಭಜನೆಯನ್ನು ಬಳಸದಿರಲಿ.

ನಿಜವಾದ ಪ್ರಶ್ನೆ ಭಾಷೆಯದು. ಈ ಚಿಕಿತ್ಸೆಯ ಮುಖ್ಯ ಉಪಕರಣವೇ ಮಾತು. ಇದೇ ಮೆಲ್ಜಾಕ್ 1975ರಲ್ಲಿ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಲ್ಲಿ ಜೋಡಿಸಿದರು. ಉರಿ, ಸೆಳೆತ, ಚಳುಕು, ಜೋಮು, ಸಿಡಿತ, ಹಿಂಡಿದಂತೆ, ಕೊರೆದಂತೆ, ಕಿತ್ತುಬಂದಂತೆ ಎನ್ನುವ ನಮ್ಮ ತಾಯಂದಿರ ಪದಸಂಪತ್ತು ಅದಕ್ಕೆ ಕಡಿಮೆಯದಲ್ಲ. ಅದನ್ನೆಲ್ಲ ‘ದರ್ದ್’ ಎಂಬ ಒಂದೇ ಪದಕ್ಕೆ ಇಳಿಸಿದ ಮೇಲೆ ಚಿಕಿತ್ಸಕರಿಗೆ ಉಳಿಯುವುದೇನು? ಇನ್ನು, ಮಗ ದುಭಾಷಿಯಾಗಿ ಕುಳಿತಿರುವಾಗ ‘ಈ ಮನೆಯಲ್ಲಿ ನನಗೆ ಒಂಟಿತನ’ ಎಂದು ಯಾವ ತಾಯಿ ತಾನೇ ಹೇಳಿಯಾಳು?

ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ, ಸನ್ಮಾನಗಳಿಗೆ ನಮ್ಮ ಸಂಘಗಳು ಶ್ರಮಿಸುತ್ತವೆ, ಸಂತೋಷ. ಆದರೆ ಹೊರನಾಡಿನಲ್ಲಿ ಕನ್ನಡದ ಉಳಿವೆಂದರೆ ವೇದಿಕೆಯ ಮೇಲಿನ ಕನ್ನಡವೊಂದೇ ಅಲ್ಲ. ರಾಜಧಾನಿ ಪ್ರದೇಶದಲ್ಲಿರುವ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರ, ವೈದ್ಯರ ಪಟ್ಟಿಯೊಂದನ್ನು ಸಂಘ ಸಿದ್ಧಪಡಿಸಲಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ, ಮನೆಯವರಲ್ಲದ ಸ್ವಯಂಸೇವಕರನ್ನು ತರಬೇತುಗೊಳಿಸಲಿ. ಬೆಂಗಳೂರಿನ ಚಿಕಿತ್ಸಕರೊಡನೆ ವಿಡಿಯೋ ಮೂಲಕ ಕನ್ನಡದಲ್ಲೇ ಮಾತನಾಡುವ ಏರ್ಪಾಡು ಮಾಡಲಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು. ನಿದ್ದೆಗೆಟ್ಟ, ಮನಗುಂದಿದ ಹಿರಿಯರಿಗೆ 14416 ಎಂಬ ಆ ಸಂಖ್ಯೆಯನ್ನಾದರೂ ಬರೆದುಕೊಡೋಣ.

ಕಳೆದ ಚಳಿಗಾಲದಲ್ಲಿ, ತಡವಾಗಿಯಾದರೂ, ತಾಯಿಯನ್ನು ಮತ್ತೆ ಕೇಳಿದೆ: ‘ಆ ಹಸಿ ಸೌದೆ ಈಗಲೂ ಹೊಗೆಯಾಡುತ್ತದೆಯೇ?’ ಅವರು ಬಹಳ ಹೊತ್ತು ಮಾತನಾಡಿದರು. ನೋವು ಹೋಗಲಿಲ್ಲ. ಆ ರಾತ್ರಿ ನಿದ್ದೆ ಬಂತೆಂದು ಬೆಳಿಗ್ಗೆ ಹೇಳಿದರು. ‘ಏನೂ ಇಲ್ಲ’ ಎಂದವರಲ್ಲಿ ನಾನೂ ಒಬ್ಬನೆಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.