ಬೀಗ ತೆಗೆದರೆ ಸಾಕೇ ಸ್ವಾಮಿ?

ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ 'ಫಿಲ್ಮ್‌ಹೌಸ್' ಅಂತ ಒಂದು ಟಾಕೀಸು. ಕಲಾತ್ಮಕ ಚಿತ್ರಗಳಿಗೇ ಹೆಸರಾದದ್ದು. ಕೋವಿಡ್ ನಂತರ ಪ್ರೇಕ್ಷಕರು ಕಡಿಮೆಯಾದರು, ಕರೆಂಟ್ ಬಿಲ್ಲು ಏರಿತು. 2022ರ ಅಕ್ಟೋಬರಿನಲ್ಲಿ ನಡೆಸುತ್ತಿದ್ದ ಸಂಸ್ಥೆ ದಿವಾಳಿ ಎದ್ದು ಬೀಗ ಬಿತ್ತು.

ನಮ್ಮ ಕಡೆಯಾದರೆ ಅದು ಇಷ್ಟೊತ್ತಿಗೆ ಕಲ್ಯಾಣ ಮಂಟಪ! ಅಲ್ಲಿ ಕೆಲಸ ಕಳಕೊಂಡವರೇ ಕೆಲವರು ಮುಂದೆ ನಿಂತರು. ಊರವರು ವಂತಿಗೆ ಹಾಕಿ 2.5 ಲಕ್ಷ ಪೌಂಡಿಗೂ ಮಿಕ್ಕಿ ಕೂಡಿಸಿದರು. ಕಟ್ಟಡದ ಹೊಸ ಮಾಲೀಕರು 25 ವರ್ಷದ ಲೀಸ್ ಕೊಟ್ಟರು. 2025ರ ಜೂನಿನಲ್ಲಿ ಟಾಕೀಸು ಮತ್ತೆ ತೆರೆಯಿತು.

ಸಂತೋಷವೇ. ಆದರೆ ವಂತಿಗೆಯಿಂದ ಬಾಗಿಲು ತೆಗೀಬಹುದು. ತಿಂಗಳ ಕರೆಂಟ್ ಬಿಲ್ಲು ಕಟ್ಟೋದು ದಿನದ ಟಿಕೆಟ್ಟೇ. ಅಂಗಡಿ ಇಟ್ಟವರಿಗೆ ಇದನ್ನು ಹೇಳಿಕೊಡಬೇಕೇ? ಮೊದಲ ದಿನ ಚಪ್ಪಾಳೆ ಹೊಡೆದವರು ಮಂಗಳವಾರದ ಮ್ಯಾಟಿನಿಗೂ ಬಂದರೆ ಗೆದ್ದ ಹಾಗೆ.