ಬಿಡ್ತು ಅನ್ನಿಸಬೇಡಿ

2018ರ ನವೆಂಬರ್ 24, ಶನಿವಾರ. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು 30 ಮಂದಿ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ನಟ, ರಾಜಕಾರಣಿ ಅಂಬರೀಶ್ ತೀರಿಕೊಂಡರು. ಮರುದಿನ ಅವರ ಪಾರ್ಥಿವ ಶರೀರ ಮಂಡ್ಯಕ್ಕೆ ಬಂದಾಗ ಇಡೀ ಜಿಲ್ಲೆ ಆ ಕಡೆ ತಿರುಗಿತು. ಅದನ್ನು ತಪ್ಪೆನ್ನಲಾಗದು. ಆದರೆ ಮತ್ತೆ ಶಾಲೆ ತೆರೆದ ದಿನ ಪಕ್ಕದ ಜಾಗ ಖಾಲಿ ಕಂಡ ಮಕ್ಕಳಿದ್ದರಲ್ಲ, ಅಣ್ಣನನ್ನೋ ಅಮ್ಮನನ್ನೋ ಕಳೆದುಕೊಂಡು ಮನೆಯಲ್ಲೇ ಉಳಿದ ಮಕ್ಕಳಿದ್ದರಲ್ಲ, ಅವರಿಗೆ ಏನು ಬೇಕಿತ್ತು ಎಂಬ ಪ್ರಶ್ನೆ ಆ ವಾರವೂ ಏಳಲಿಲ್ಲ, ಆಮೇಲೂ ಅಷ್ಟಾಗಿ ಎದ್ದಿಲ್ಲ. ಅದೇ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೂ ನೀರುಣಿಸುತ್ತದೆ. ಅದರ ದಂಡೆಯ ಊರುಗಳಿಗೆ ಇಂಥ ಸಾವು ಹೊಸದಲ್ಲ.

ಇನ್ನೊಂದು ಬಗೆಯ ಸಾವೂ ಇಲ್ಲಿದೆ. 2015ರಲ್ಲಿ ಕಬ್ಬಿನ ಬಾಕಿ, ಸಾಲ, ಒಣಗಿದ ಬೋರ್‌ವೆಲ್‌ಗಳ ನಡುವೆ ಈ ಜಿಲ್ಲೆಯ ರೈತರ ಆತ್ಮಹತ್ಯೆಗಳು ನಾಡಿಗೆಲ್ಲ ಸುದ್ದಿಯಾದವು. ಸರ್ಕಾರ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿತು, ಹೆಂಡತಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಬಂತು. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರ ‘ಬಾಲ ಸೇವಾ’ ಯೋಜನೆ ತಿಂಗಳಿಗೆ 3,500 ರೂಪಾಯಿ ಕೊಟ್ಟಿತು. ಹಣ ಬೇಡವೆನ್ನುವವರು ಹಸಿವು ಕಂಡಿಲ್ಲ. ಆದರೂ ಸಾವಿಗೆ ನಮ್ಮ ವ್ಯವಸ್ಥೆ ಕೊಡಬಲ್ಲ ಉತ್ತರ ಚೆಕ್ಕಿನ ಆಚೆಗೆ ಹೋಗಿಲ್ಲ ಎಂಬುದೂ ನಿಜ.

ಮನೆಯವರೇನು ಮಾಡುತ್ತಾರೆ? ಮರೆಸುತ್ತಾರೆ. “ನಿಮ್ಮಪ್ಪ ಬೆಂಗ್ಳೂರ್ಗೆ ಹೋಗವ್ನೆ, ಬತ್ತಾನೆ, ಸುಮ್ಕಿರು ಮಗ.” ಕೈಗೆ ಮೊಬೈಲು, ಬಾಯಿಗೆ ಬಿಸ್ಕತ್ತು. ಇದು ಪ್ರೀತಿಯಿಂದಲೇ ಹುಟ್ಟುವ ಸುಳ್ಳು, ಆದರೆ ಮಗು ಅದನ್ನು ಅಕ್ಷರಶಃ ನಂಬಿ ಬಸ್ಸು ಬಂದಾಗಲೆಲ್ಲ ಓಡಿ ಹೋಗಿ ನೋಡುತ್ತದೆ. ಸಾವು ತಿರುಗಿ ಬಾರದ್ದು ಎಂಬುದು ಐದರ ಕೆಳಗಿನ ಮಕ್ಕಳಿಗೆ ಇನ್ನೂ ತಿಳಿದಿರುವುದಿಲ್ಲ. ಬುಡಾಪೆಸ್ಟಿನ ಮಕ್ಕಳನ್ನು ಕೇಳಿ ಮನಶ್ಶಾಸ್ತ್ರಜ್ಞೆ ಮಾರಿಯಾ ನಾಗಿ 1948ರಲ್ಲೇ ಇದನ್ನು ಬರೆದಿದ್ದಾರೆ. ಅದಕ್ಕಿಂತ ಕಷ್ಟದ ಇನ್ನೊಂದು ಸಂಗತಿಯಿದೆ. ಈ ವಯಸ್ಸಿನ ಮಗು ತನ್ನ ಸುತ್ತ ನಡೆದದ್ದಕ್ಕೆಲ್ಲ ತಾನೇ ಕಾರಣವೆಂದುಕೊಳ್ಳುತ್ತದೆ. ಹಿಂದಿನ ದಿನ ಹೊಸ ಚಪ್ಪಲಿಗೆ ಹಟ ಮಾಡಿ ಅಪ್ಪನಿಂದ ಬೈಸಿಕೊಂಡ ಹುಡುಗನಿಗೆ ಮರುದಿನ ಅಪ್ಪನಿಲ್ಲ ಎಂದಿಟ್ಟುಕೊಳ್ಳಿ. ಬ್ಯಾಂಕು, ಬಡ್ಡಿ, ಕಾರ್ಖಾನೆಯ ಬಾಕಿ ಅವನ ಲೆಕ್ಕದಲ್ಲಿಲ್ಲ. ಅವನ ಲೆಕ್ಕದಲ್ಲಿರುವುದು ಚಪ್ಪಲಿ.

ಇದನ್ನು ಅವನು ಬಾಯಿಬಿಟ್ಟು ಹೇಳಲಾರ. ಆದರೆ ಆಡುತ್ತಾನೆ. ಗೊಂಬೆಯನ್ನು ಮಲಗಿಸುತ್ತಾನೆ, ಹೂ ಹಾಕುತ್ತಾನೆ, ತಮಟೆ ಬಡಿಯುತ್ತಾನೆ, ಮಣ್ಣು ಮುಚ್ಚುತ್ತಾನೆ. ನೋಡಿದ ಅಜ್ಜಿ ಓಡಿ ಬರುತ್ತಾಳೆ: “ಅಯ್ಯೋ, ಎಂಥ ಆಟವೋ ಇದು! ಬಿಡ್ತು ಅನ್ನು!” ಅಲ್ಲಿಗೆ ಆಟ ನಿಂತಿತು. ನನ್ನ ವಾದವೆಲ್ಲ ಇಷ್ಟೇ: ಆ ಆಟವನ್ನು ನಿಲ್ಲಿಸಬಾರದು, ಅಲ್ಲಿ ಮಗುವನ್ನು ಒಂಟಿಯಾಗಿಯೂ ಬಿಡಬಾರದು.

ಎರಡನೆಯ ಮಾತಿಗೆ ಕಾರಣವಿದೆ. 1976ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಕೃಷಿ ಪಟ್ಟಣದಲ್ಲಿ ಶಾಲಾ ಬಸ್ಸಿನ 26 ಮಕ್ಕಳನ್ನು ಚಾಲಕನ ಸಮೇತ ಅಪಹರಿಸಿ, ನೆಲದಡಿ ಹೂತಿದ್ದ ವಾಹನದಲ್ಲಿ ಕೂಡಿಹಾಕಿದ್ದರು. ಎಲ್ಲರೂ ಜೀವಂತ ಹೊರಬಂದರು. ಮನೋವೈದ್ಯೆ ಲೆನೋರ್ ಟೆರ್ ವರ್ಷಗಟ್ಟಲೆ ಈ ಮಕ್ಕಳನ್ನು ಗಮನಿಸಿದರು. ಮಕ್ಕಳು ಬಸ್ಸಿನ ಆಟವನ್ನೇ ಮತ್ತೆ ಮತ್ತೆ ಆಡುತ್ತಿದ್ದರು, ಆದರೆ ಆ ಆಟದಲ್ಲಿ ನಗುವಿರಲಿಲ್ಲ, ಅದು ಬೇರೆ ಕಡೆ ಹೊರಳುತ್ತಲೂ ಇರಲಿಲ್ಲ. ಆಟ ತಾನಾಗಿಯೇ ಮದ್ದಾಗುವುದಿಲ್ಲವೆಂದು ಇದರಿಂದ ತಿಳಿಯಿತು. ಒಂಟಿ ಮಗುವಿನ ಆಟ ಗಾಣದ ಎತ್ತಿನ ಹಾಗೆ ಒಂದೇ ಜಾಡಿನಲ್ಲಿ ಸುತ್ತಬಹುದು.

ಜಾಡು ಬದಲಾಗಲು ಪಕ್ಕದಲ್ಲಿ ಕೂರುವವರೊಬ್ಬರು ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರ ತಮ್ಮ ಪುಸ್ತಕದಲ್ಲಿ ಇದರ ರೀತಿಯನ್ನು ವಿವರಿಸಿದರು. ಓದಿದರೆ ಸುಲಭ, ಮಾಡಲು ಕೂತರೆ ದೊಡ್ಡವರಿಗೆ ಬಲು ಕಷ್ಟ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಅದೇ ಜಾಗ. ಏನು ಆಡಬೇಕೆಂದು ಮಗುವೇ ಹೇಳಬೇಕು. ದೊಡ್ಡವರು ಪ್ರಶ್ನೆ ಕೇಳುವಂತಿಲ್ಲ, ಪಾಠ ಹೇಳುವಂತಿಲ್ಲ, ‘ಜಾಣ’ ಎಂದು ಹೊಗಳುವಂತೆಯೂ ಇಲ್ಲ. ಕಂಡದ್ದನ್ನಷ್ಟೇ ಹೇಳಬೇಕು: “ಈ ಗೊಂಬೆ ಏಳ್ತಾನೇ ಇಲ್ಲ. ಸಣ್ಣ ಗೊಂಬೆಗೆ ಸಿಟ್ಟು ಬಂದಿದೆ.” ತನಗೂ ಇನ್ನೊಬ್ಬರಿಗೂ ಪೆಟ್ಟಾಗಬಾರದು, ಸಾಮಾನು ಬೇಕೆಂದೇ ಒಡೆಯಬಾರದು ಎಂಬುದಷ್ಟೇ ಕಟ್ಟಳೆ. ಮುಗಿಯುವ ಐದು ನಿಮಿಷ ಮೊದಲು ತಿಳಿಸಬೇಕು, ಕೊನೆಯ ಭೇಟಿ ಯಾವಾಗೆಂದು ವಾರಗಳ ಮುಂಚೆಯೇ ಹೇಳಬೇಕು. ಹೇಳದೆ ಹೋದವರೊಬ್ಬರು ಮಗುವಿನ ಬಾಳಿನಲ್ಲಿ ಈಗಾಗಲೇ ಇದ್ದಾರೆ.

ಸಾಮಾನಿಗೂ ಖರ್ಚಿಲ್ಲ. ಮದ್ದೂರಿನಿಂದ ಬೆಂಗಳೂರಿನ ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಊರೇ ಚನ್ನಪಟ್ಟಣ. ಆದರೆ ಅಲ್ಲಿಯ ಅರಗಿನ ಗೊಂಬೆಗಳೆಲ್ಲ ನಗುಮುಖದವು. ಈ ಕೆಲಸಕ್ಕೆ ಹಾವು, ಮೊಸಳೆ, ಪೊಲೀಸು, ಬಸ್ಸು, ಆಂಬುಲೆನ್ಸುಗಳೂ ಬೇಕು. ಜೊತೆಗೆ ಕೆರೆಯ ಜೇಡಿಮಣ್ಣು, ಒಂದು ತಟ್ಟೆ ಮರಳು. ಶಿಂಷಾ ನದಿಯ ಒಡಲಿಂದ ಲಾರಿಗಟ್ಟಲೆ ತೆಗೆದದ್ದರಲ್ಲಿ ಅಷ್ಟನ್ನು ಮಕ್ಕಳಿಗೆಂದು ಉಳಿಸಿದ್ದರೆ ಸಾಕಿತ್ತು.

ಇದೆಲ್ಲ ಪರದೇಶದ ಶೋಕಿ, ನಮ್ಮಲ್ಲಿ ಕೂಡುಕುಟುಂಬವಿದೆ, ಹಾಲು-ತುಪ್ಪವಿದೆ, ತಿಥಿಯಿದೆ ಎಂಬ ಮಾತು ಬರುತ್ತದೆ. ಅರ್ಧ ಒಪ್ಪುತ್ತೇನೆ. ನಮ್ಮ ಸಾವಿನ ಕ್ರಮಗಳು ದುಃಖಕ್ಕೆ ಕೈತುಂಬ ಕೆಲಸ ಕೊಡುತ್ತವೆ, ಬಾಯಿತುಂಬ ಅಳಲು ಬಿಡುತ್ತವೆ. ಆದರೆ ಅವು ದೊಡ್ಡವರ ಅಳತೆಗೆ ಹೊಲಿದವು. ಹಿರಿಮಗನಾದರೆ ಆರು ವರ್ಷದವನ ಕೈಯಲ್ಲೂ ಮಣ್ಣು ಹಾಕಿಸುತ್ತಾರೆ, ಯಾಕೆಂದು ಹೇಳುವವರಿಲ್ಲ. ಅವನ ತಂಗಿಯನ್ನಂತೂ ಪಕ್ಕದ ಮನೆಯಲ್ಲಿ ಕೂರಿಸಿರುತ್ತಾರೆ. ಕೂಡುಕುಟುಂಬದ ಚಿಕ್ಕಪ್ಪ ಈಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದಾನೆ. ಆತ್ಮಹತ್ಯೆಯಾದ ಮನೆಯಲ್ಲಿ ತಾಯಿ ಪಹಣಿ, ಸಾಲದ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಗಂಡನ ಸಾವು ‘ಅರ್ಹ’ವೋ ‘ಅನರ್ಹ’ವೋ ಎಂದು ಸಮಿತಿ ತೀರ್ಮಾನಿಸುವವರೆಗೆ ಅವಳಿಗೆ ಅಳಲೂ ಬಿಡುವಿಲ್ಲ, ಮಗುವಿನ ಮುಂದೆ ಕೂರಲು ಇನ್ನೆಲ್ಲಿ?

ಹಾಗಾದರೆ ಕೂರುವವರು ಯಾರು? ತಜ್ಞರೇ ಬೇಕೆಂದರೆ ನಾವು ಕಾಯುತ್ತಲೇ ಇರಬೇಕು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಶೇಖರ್ ಶೇಷಾದ್ರಿ ಮತ್ತು ಸಂಗಡಿಗರು ಅಂಗನವಾಡಿ, ಶಾಲೆ, ಬಾಲಮಂದಿರಗಳಿಗೆ ಈ ಅರಿವನ್ನು ಒಯ್ಯುವ ಕೆಲಸವನ್ನು ಬಹುಕಾಲ ಮಾಡಿದ್ದಾರೆ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಗರ್ನಿ ದಂಪತಿ 1960ರ ದಶಕದಲ್ಲೇ ತಂದೆತಾಯಿಯರಿಗೆ ಈ ಕೂರುವಿಕೆಯನ್ನು ಕಲಿಸಿದರು. ಆಮೇಲೆ ಅದನ್ನು ವಾರಕ್ಕೊಂದು ತರಗತಿಯಂತೆ ಹತ್ತು ವಾರಕ್ಕೆ ಅಳವಡಿಸಿದವರಿದ್ದಾರೆ. 2005ರಲ್ಲಿ 93 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ತರಬೇತಾದ ತಂದೆತಾಯಿ ನಡೆಸಿದ ಆಟದ ಫಲ ಪರಿಣತರು ನಡೆಸಿದ್ದಕ್ಕಿಂತ ಹೆಚ್ಚೇ ಇತ್ತು. ಆ ಅಧ್ಯಯನಗಳಲ್ಲಿ ಹಲವು ಚಿಕ್ಕವು ಎಂಬ ಟೀಕೆ ಸರಿಯಾದದ್ದೇ, ಹಾಗಾಗಿ ನಾನು ಪವಾಡದ ಮಾತಾಡುವುದಿಲ್ಲ. ಆದರೆ ಅಜ್ಜಿಗೋ ಸೋದರತ್ತೆಗೋ ಕಲಿಸಬಹುದಾದ ವಿದ್ಯೆ ಇದು ಎನ್ನಲು ಅಷ್ಟು ಸಾಕು. ‘ಬಿಡ್ತು ಅನ್ನು’ ಎಂದ ಅಜ್ಜಿಯೇ ವಾರಕ್ಕೆ ಅರ್ಧ ಗಂಟೆ ಚಾಪೆಯ ಮೇಲೆ ಸುಮ್ಮನೆ ಕೂರಬಲ್ಲಳು.

ಅಜ್ಜಿಗೆ ಕಲಿಸುವವರಾಗಿ ಅಂಗನವಾಡಿಯ ಟೀಚರ್ ಎದುರಿಗೇ ಇದ್ದಾರೆ. ಪಡಿತರ, ತೂಕ, ಆ್ಯಪು, ಸರ್ವೇ, ಚುನಾವಣೆ ಎಂದು ಹೇರಿದ್ದರ ಮೇಲೆ ಇದನ್ನೂ ಹೇರಿದರೆ ಅದು ಅನ್ಯಾಯ. ಕೆಲಸ ಕೊಡುವುದಾದರೆ ಬೇರೊಂದನ್ನು ಇಳಿಸಬೇಕು, ಸಂಬಳವೂ ಸೇರಬೇಕು. ತಿಂಗಳಿಗೊಮ್ಮೆ ಮಂಡ್ಯದ ವೈದ್ಯಕೀಯ ಕಾಲೇಜು ಮಿಮ್ಸ್‌ನಿಂದಲೋ ಜಿಲ್ಲಾ ಮಾನಸಿಕ ಆರೋಗ್ಯ ತಂಡದಿಂದಲೋ ಒಬ್ಬರು ಬಂದು ಅವರ ಅನುಭವ ಕೇಳಬೇಕು. ಮಗು ನಿದ್ದೆ, ಊಟ, ಮಾತು ಬಿಟ್ಟಿದ್ದರೆ, ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಅಥವಾ ಸಾಯುವ ಮಾತಾಡಿದರೆ ಚಾಪೆಯಿಂದ ಎದ್ದು ವೈದ್ಯರ ಬಳಿಗೇ ಹೋಗಬೇಕು. ಟೆಲಿ ಮಾನಸ್‌ನ 14416 ಸಹಾಯವಾಣಿ ಹಗಲಿರುಳೂ ಇದೆ.

ನನಗಿರುವ ನಿಜವಾದ ಅಳುಕು ಬೇರೆ. ಹಳ್ಳಿಯಲ್ಲಿ ಗುಟ್ಟು ಉಳಿಯುವುದಿಲ್ಲ. ಗೊಂಬೆ ಗೊಂಬೆಗೆ ಹೊಡೆಯಿತು ಎಂಬುದು ಸಂಜೆಯೊಳಗೆ ‘ಅವಳು ಗಂಡನ್ನ ಬೈತಿದ್ಲಂತೆ’ ಎಂದಾಗುತ್ತದೆ. ವಿಚಾರಣೆ ನಡೆಯುತ್ತಿರುವ ಮನೆಯಲ್ಲಿ ಅದು ಪರಿಹಾರಕ್ಕೂ ಕುತ್ತು ತರಬಹುದು. ಮಗುವಿನ ಆಟ ಸಾಕ್ಷ್ಯವಲ್ಲ. ಅದರಲ್ಲಿ ನಡೆದದ್ದು, ಭಯಪಟ್ಟದ್ದು, ಬಯಸಿದ್ದು ಎಲ್ಲ ಬೆರೆತಿರುತ್ತದೆ. ಆದ್ದರಿಂದ ಈ ತರಬೇತಿಯ ಮೊದಲ ಪಾಠ ಮರಳು-ಗೊಂಬೆಗಳದ್ದಲ್ಲ, ಬಾಯಿ ಬಿಗಿಹಿಡಿಯುವುದರದ್ದು. ಮಗುವಿಗೆ ಈಗಲೂ ಯಾರಿಂದಲೋ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲೇಬೇಕು. ಅದೊಂದನ್ನು ಬಿಟ್ಟರೆ, ಠಾಣೆಯವರೋ ಕಂದಾಯದವರೋ ಊರ ಯಜಮಾನರೋ ಬಂದು “ಮಗು ಏನಾಡ್ತು?” ಎಂದಾಗ “ಹೇಳಕ್ಕಾಗಲ್ಲ” ಎನ್ನುವ ಹಕ್ಕನ್ನು ಆ ಟೀಚರಿಗೆ ಇಲಾಖೆ ಬರವಣಿಗೆಯಲ್ಲಿ ಕೊಡಬೇಕು, ತರಬೇತಿ ಶುರುವಾಗುವ ಮೊದಲೇ.