‘ಠೀಕ್ ಹೈ’ ಎಂಬ ಉತ್ತರ ಸಾಲದು

ಖಿನ್ನತೆಯೂ ಒಂದು ಕಾಯಿಲೆಯೆಂದು ಒಪ್ಪಿಕೊಳ್ಳಲು ನಮ್ಮ ಸಮಾಜಕ್ಕೆ ಬಹುಕಾಲ ಬೇಕಾಯಿತು. ಚಿಕಿತ್ಸೆ ಪಡೆಯುತ್ತಿರುವವರು ಗುಣವಾಗುತ್ತಿದ್ದಾರೆಯೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಇನ್ನೂ ಗಂಭೀರವಾಗಿ ಎತ್ತಿಕೊಂಡಿಲ್ಲ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಲೋಕಲ್ ಹಿಡಿದು, ಒಂದು ದಿನದ ಸಂಬಳ ಬಿಟ್ಟು, ನಗರದ ದೊಡ್ಡ ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವ ಹೋಟೆಲ್ ಕಾರ್ಮಿಕನಿಗೆ ವೈದ್ಯರೆದುರು ದೊರೆಯುವುದು ಕೆಲವೇ ನಿಮಿಷ. ಹೇಗಿದ್ದೀಯೆಂದು ಕೇಳಿದರೆ ‘ಠೀಕ್ ಹೈ’ ಎನ್ನುತ್ತಾನೆ. ಹಳೆಯ ಮಾತ್ರೆಯೇ ಮುಂದುವರಿಯುತ್ತದೆ.

ರಕ್ತದೊತ್ತಡಕ್ಕೆ ಅಳತೆಯಿರುವಂತೆ ಇದಕ್ಕೂ ಇದೆ. 1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ರೂಪಿಸಿದ ಮಾಪನಕ್ಕೆ ನುರಿತ ವೈದ್ಯರು ಬಹಳ ಹೊತ್ತು ಕುಳಿತು ವಿಚಾರಿಸಬೇಕು. ನಮ್ಮ ಜನಸಂದಣಿಗೆ ಅದು ಒಗ್ಗದು. 1990ರ ದಶಕದ ಕೊನೆಯಲ್ಲಿ ಸ್ಪಿಟ್ಜರ್ ಮತ್ತು ಸಂಗಡಿಗರು ಸಿದ್ಧಪಡಿಸಿದ ‘ಪಿ.ಎಚ್.ಕ್ಯೂ.-9’ ಒಂದೇ ಹಾಳೆಯದು. ಕಳೆದ ಎರಡು ವಾರಗಳ ನಿದ್ದೆ, ಹಸಿವು, ಆಸಕ್ತಿ, ದಣಿವು ಮುಂತಾದವುಗಳ ಬಗ್ಗೆ ಒಂಬತ್ತು ಪ್ರಶ್ನೆಗಳು. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಮೊದಲ ದಿನ 18 ಇದ್ದದ್ದು 9ಕ್ಕೆ ಇಳಿದರೆ ಚಿಕಿತ್ಸೆ ಫಲಿಸುತ್ತಿದೆಯೆಂದು ಅರ್ಥ. ಮಾತ್ರೆಯನ್ನು ತಪ್ಪದೆ ನುಂಗಿ ಒಂದೂವರೆ ತಿಂಗಳಾದರೂ ಅಂಕ ಕದಲದಿದ್ದರೆ ವೈದ್ಯರು ಔಷಧದ ಬಗ್ಗೆ ಮರುಯೋಚನೆ ಮಾಡಬೇಕು. ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳನ್ನು ಆರಿಸಲೂ, ಮೂರು ತಿಂಗಳ ಬಳಿಕ ಅವರ ಚೇತರಿಕೆಯನ್ನು ನೋಡಲೂ ಈ ಪ್ರಶ್ನೆಗಳನ್ನೇ ಬಳಸಿದರು.

ನಮೂನೆಗಳ ನಡುವೆಯೇ ಸರಕಾರಿ ಸೇವೆಯನ್ನು ಕಳೆದ ನನಗೆ ಒಂದು ಅಳುಕೂ ಇದೆ. ಅಂಕವೇ ಗುರಿಯಾದರೆ ಅಂಕ ಸುಳ್ಳು ಹೇಳತೊಡಗುತ್ತದೆ. (ಮಾಸಿಕ ವರದಿ ಬರೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ.) ಅದಕ್ಕಿಂತ ಮುಖ್ಯವಾದುದು ಒಂಬತ್ತನೆಯ ಪ್ರಶ್ನೆ: ಸತ್ತರೆ ಮೇಲೆಂಬ, ತನ್ನನ್ನೇ ನೋಯಿಸಿಕೊಳ್ಳುವ ಯೋಚನೆ ಬರುತ್ತದೆಯೇ? ನಿದ್ದೆ, ಹಸಿವು ಸುಧಾರಿಸಿ ಒಟ್ಟು ಅಂಕ ಇಳಿದರೂ ಅಲ್ಲಿ 1 ಉಳಿದಿರಬಹುದು. ಅದನ್ನು ಮೊತ್ತದಲ್ಲಿ ಮುಳುಗಿಸದೆ ಅಂದೇ ವಿಚಾರಿಸಬೇಕು.

ಇಲ್ಲಿ ಭಾಷೆಯ ಮಾತು ಬರುತ್ತದೆ. ‘ಜೀವಕ್ಕೆ ಸಮಾಧಾನವಿಲ್ಲ’, ‘ಎದೆ ಭಾರ’ ಎನ್ನುವ ನಮ್ಮವರಿಂದ ಹಿಂದಿಯಲ್ಲಿ ‘ಠೀಕ್ ಹೈ’ಗಿಂತ ಹೆಚ್ಚಿನದು ಹೊರಡುವುದು ಕಷ್ಟ. ಈ ಹಾಳೆಯ ಕನ್ನಡ ರೂಪ ಉಚಿತವಾಗಿ ಸಿಗುತ್ತದೆ. ಆರೋಗ್ಯ ಶಿಬಿರ ನಡೆಸುವ ನಮ್ಮ ಸಂಘಗಳು ಅದನ್ನು ಅಚ್ಚು ಹಾಕಿಸಿ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಅದರ ಕೆಳಗೆ ಸೇರಿಸಿ ಹಂಚಬೇಕು. ರೋಗಿಗಳು ಹಿಂದಿನ ದಿನವೇ ತುಂಬಿ ವೈದ್ಯರಿಗೆ ಒಪ್ಪಿಸಲಿ. ಓದು ಬಾರದವರಿಗೆ ಓದಿ ಹೇಳುವವರು ಮಾತ್ರ ಮನೆಯವರಾಗಿರಬಾರದು. ಸೊಸೆಯ ಎದುರು ಒಂಬತ್ತನೆಯ ಪ್ರಶ್ನೆಗೆ ಯಾವ ಅತ್ತೆಯೂ ನಿಜ ಹೇಳಲಾರಳು. ಗಂಡನೆದುರು ಹೆಂಡತಿಯೂ ಅಷ್ಟೆ.